ಹವ್ಯಾಸಿ ಆರ್ಕೆಸ್ಟ್ರಾಗೆ ಮುಂದಿನ ಸೀಸನ್ ಜೋಡಿಸುವುದು ಹೇಗೆ?

ನಾನು ವಿಯೋಲಾ (ಪಿಟೀಲಿಗಿಂತ ತುಸು ದೊಡ್ಡ ತಂತಿವಾದ್ಯ) ನುಡಿಸುವವಳು. ನಮ್ಮ ಆರ್ಕೆಸ್ಟ್ರಾದಲ್ಲಿ ಎಲ್ಲರಿಗೂ ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ. ವಾರಕ್ಕೊಂದು ಸಂಜೆ ಸೇರಿ ಅಭ್ಯಾಸ ಮಾಡುತ್ತೇವೆ. ಮುಂದಿನ ಸೀಸನ್‌ಗೆ, ಅಂದರೆ ಮುಂದಿನ ಕಾನ್ಸರ್ಟ್‌ಗಳ ಸಾಲಿಗೆ, ಕೃತಿಗಳನ್ನು ಆರಿಸುವ ಗುಂಪಿನಲ್ಲಿ ನಾನೂ ಇದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಕೈಹಾಕುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಯಾವ ಸಿಂಫನಿ ಅಂತ ಮಾತಾಡುವ ಮುಂಚೆ, ಯಾರ್ಯಾರು ಇದ್ದಾರೆ ಅಂತ ಬರೆದುಕೊಳ್ಳಿ.

ಒಂದು ಹಾಳೆಯಲ್ಲಿ ವಾದ್ಯದ ಪ್ರಕಾರ ಹೆಸರು ಬರೆಯಿರಿ. ಪಿಟೀಲು ಎಷ್ಟು ಜನ, ಚೆಲ್ಲೋ ಎಷ್ಟು, ಓಬೋ ಇಬ್ಬರೋ ಒಬ್ಬರೋ. ಪ್ರತಿ ಹೆಸರಿನ ಮುಂದೆ, ಅವರಿಗೆ ಯಾವ ತಿಂಗಳು ಬರಲು ಆಗುವುದಿಲ್ಲ ಅಂತಲೂ ಕೇಳಿ ಬರೆಯಿರಿ. ಒಬ್ಬರಿಗೆ ಪರೀಕ್ಷೆ ಇರುತ್ತದೆ, ಇನ್ನೊಬ್ಬರಿಗೆ ಆಫೀಸಿನ ಲೆಕ್ಕ ಮುಗಿಸುವ ತಿಂಗಳು. ಫ್ಲೂಟ್, ಕ್ಲಾರಿನೆಟ್ ನುಡಿಸುವವರು ಹೇಗೋ ಸಿಗುತ್ತಾರೆ. ಊದುವ ವಾದ್ಯಗಳಾದ ಬಸೂನ್, ಓಬೋಗೆ, ಹಾಗೇ ವಿಯೋಲಾಗೆ ಜನ ಸಿಗುವುದು ಕಷ್ಟ. ಆ ಮೂರು ಸಾಲು ನೋಡಿದರೆ ನಿಮ್ಮ ಸೀಸನ್ ಅರ್ಧ ತೀರ್ಮಾನವಾದ ಹಾಗೆ.

ಈಗ ಸ್ಕೋರ್ (ಎಲ್ಲ ವಾದ್ಯಗಳ ಸ್ವರಗಳೂ ಒಟ್ಟಿಗೆ ಇರುವ ಪುಸ್ತಕ) ತೆಗೆದು ಮೊದಲ ಪುಟದ ವಾದ್ಯಗಳ ಪಟ್ಟಿ ನೋಡಿ. ಮೊಜಾರ್ಟ್ 1788ರಲ್ಲಿ ಬರೆದ 40ನೇ ಸಿಂಫನಿಯಲ್ಲಿ ಟ್ರಂಪೆಟ್ ಇಲ್ಲ, ಟಿಂಪನಿ (ದೊಡ್ಡ ಡ್ರಮ್) ಇಲ್ಲ. ಅವನೇ ಆಮೇಲೆ ಕ್ಲಾರಿನೆಟ್ ಸೇರಿಸಿ ಇನ್ನೊಂದು ರೂಪ ಮಾಡಿದ. ಹಾಗಾಗಿ ಕ್ಲಾರಿನೆಟ್‌ನವರು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಇದು ಶುರುವಾಗುವಾಗ ಪಿಟೀಲಿನವರು ಸುಮ್ಮನಿರುತ್ತಾರೆ. ವಿಯೋಲಾಗಳು ಎರಡು ಗುಂಪಾಗಿ, ಮೆಲ್ಲಗೆ, ಬಿಡುವಿಲ್ಲದೆ ಚಿಕ್ಕ ಚಿಕ್ಕ ಸ್ವರಗಳನ್ನು (ಎಯ್ತ್ ನೋಟ್) ನುಡಿಸುತ್ತವೆ. ಅದರ ಮೇಲೆ ಪಿಟೀಲು ತನ್ನ ಟ್ಯೂನ್ ಹಿಡಿದು ಬರುತ್ತದೆ. ವಿಯೋಲಾದವರು ಒಬ್ಬರೇ ಇದ್ದರೆ ಆ ಜಾಗ ಸೊರಗುತ್ತದೆ. ಕನಿಷ್ಠ ನಾಲ್ಕು ಜನ ಇದ್ದರೆ ಮಾತ್ರ ಇದನ್ನು ಹಾಕಿ ಅನ್ನುವುದು ನನ್ನ ಅಭಿಪ್ರಾಯ.

ಕೃತಿಯ ಕೀ, ಅಂದರೆ ಅದು ಯಾವ ಸ್ವರವನ್ನು ಆಧಾರ ಮಾಡಿಕೊಂಡಿದೆ ಅನ್ನುವುದನ್ನೂ ನೋಡಿ. ಹೈಡನ್ನನ ‘ಫೇರ್‌ವೆಲ್’ ಸಿಂಫನಿ, ಅಂದರೆ 1772ರ 45ನೆಯದು, ಎಲ್ಲರಿಗೂ ಆಸೆ ಹುಟ್ಟಿಸುತ್ತದೆ. ಕೊನೆಯಲ್ಲಿ ಒಬ್ಬೊಬ್ಬರಾಗಿ ಎದ್ದು ಹೋಗುವ ಕಥೆ ಚೆನ್ನಾಗಿದೆ. ವಾದ್ಯಗಳೂ ಕಮ್ಮಿ. ಆದರೆ ಅದು ಎಫ್ ಶಾರ್ಪ್ ಮೈನರ್‌ನಲ್ಲಿದೆ. ಪಿಟೀಲಿನ ತೆರೆದ ತಂತಿಗಳು ಜಿ, ಡಿ, ಎ, ಇ. ಡಿ ಮೇಜರ್‌ನಂಥ ಕಡೆ ಆ ತಂತಿಗಳು ತಾವೇ ಮೊಳಗಿ ಶ್ರುತಿಗೆ ಆಸರೆ ಕೊಡುತ್ತವೆ. ಎಫ್ ಶಾರ್ಪ್ ಮೈನರ್‌ನಲ್ಲಿ ಅಷ್ಟು ಆಸರೆ ಸಿಗುವುದಿಲ್ಲ, ಬೆರಳೇ ಜಾಗ ಹುಡುಕಬೇಕು. ಶ್ರುತಿ ಇನ್ನೂ ಗಟ್ಟಿಯಾಗದ ತಂಡಕ್ಕೆ ಅದೇ ಹೈಡನ್ನನ 104ನೆಯದು ವಾಸಿ. ಅದು ಡಿ ಮೇಜರ್.

ಇನ್ನು ನನಗೆ ತುಂಬ ಮುಖ್ಯ ಅನ್ನಿಸುವ ವಿಷಯ. ದಿನದ ಕೆಲಸ ಮುಗಿಸಿ, ಭಾರದ ಪೆಟ್ಟಿಗೆ ಹೊತ್ತು ಬಂದವರನ್ನು ಸುಮ್ನೆ ಕೂರಿಸಬಾರದು. ಬೀಥೋವನ್ನನ 5ನೇ ಸಿಂಫನಿಯಲ್ಲಿ ಟ್ರೊಂಬೋನ್ (ಹಿತ್ತಾಳೆಯ ಊದುವ ವಾದ್ಯ) ಬರುವುದು ನಾಲ್ಕನೇ ಮೂವ್‌ಮೆಂಟ್‌ನಲ್ಲಿ, ಅಂದರೆ ನಾಲ್ಕನೇ ಭಾಗದಲ್ಲಿ ಮಾತ್ರ. ಅಲ್ಲಿಯವರೆಗೆ 20 ನಿಮಿಷಕ್ಕೂ ಜಾಸ್ತಿ ಮೌನ. ಡ್ವೊರ್ಜಾಕ್‌ನ 9ನೆಯದರಲ್ಲಿ (1893) ಟ್ಯೂಬಾಗೆ ಇರುವುದು ಎರಡನೇ ಮೂವ್‌ಮೆಂಟ್‌ನ ಕೆಲವೇ ಸ್ವರಗಳು. ಸಿಂಬಲ್ ಮೊಳಗುವುದಂತೂ ಇಡೀ ಸಿಂಫನಿಯಲ್ಲಿ ಒಂದೇ ಸಲ. ಹಾಗಂತ ಈ ಕೃತಿಗಳನ್ನು ಬಿಡಬೇಕಿಲ್ಲ. ಎರಡು ದಾರಿ ಇವೆ. ಅದೇ ಸಂಜೆಯ ಕಾರ್ಯಕ್ರಮಕ್ಕೆ ಅವರಿಗೆ ಕೈತುಂಬ ಕೆಲಸ ಇರುವ ಇನ್ನೊಂದು ಕೃತಿ ಸೇರಿಸಿ. ಟ್ರೊಂಬೋನಿಗೆ ಶೂಬರ್ಟ್‌ನ ‘ಅನ್‌ಫಿನಿಶ್ಡ್’ ಆಗುತ್ತದೆ, ಅದರ ಎರಡೂ ಮೂವ್‌ಮೆಂಟ್‌ಗಳಲ್ಲಿ ಮೂರು ಟ್ರೊಂಬೋನ್ ಇವೆ. ಎರಡನೆಯದು, ರಿಹರ್ಸಲ್ಲಿನ ಕ್ರಮವನ್ನೇ ಬದಲಿಸಿ. ಬೀಥೋವನ್ನನ ನಾಲ್ಕನೇ ಮೂವ್‌ಮೆಂಟನ್ನು ಸಂಜೆ ಮೊದಲಿಗೇ ತೆಗೆದುಕೊಂಡು, ಟ್ರೊಂಬೋನಿನವರನ್ನು ಬೇಗ ಮನೆಗೆ ಕಳಿಸಿ. ಯಾವ ಹೊತ್ತಿಗೆ ಏನು ಅಂತ ಹಿಂದಿನ ದಿನವೇ ಮೆಸೇಜ್ ಹೋಗಬೇಕು. ಒಬ್ಬರ ಸಮಯಕ್ಕೆ ಬೆಲೆ ಕೊಟ್ಟರೆ ಅವರು ಮುಂದಿನ ಸೀಸನ್‌ಗೂ ಬರುತ್ತಾರೆ, ಅಲ್ವಾ?

ತಂತಿಯವರಿಗೆ ಒಂದು, ಊದುವವರಿಗೆ ಒಂದು ಚಿಕ್ಕ ಕೃತಿಯನ್ನೂ ಸೀಸನ್‌ನಲ್ಲಿ ಇಡಿ. ಎಲ್ಗರ್‌ನ ‘ಸೆರೆನೇಡ್ ಫಾರ್ ಸ್ಟ್ರಿಂಗ್ಸ್’ (1892) ಸುಮಾರು 12 ನಿಮಿಷ, ಹವ್ಯಾಸಿಗಳ ಕೈಗೆ ಎಟುಕುವಂಥದ್ದು. ಗೂನೋನ ‘ಪೆಟೀಟ್ ಸಿಂಫನಿ’ (1885) ಒಂಬತ್ತು ಜನ ಊದುವುದಕ್ಕೆ: ಒಂದು ಫ್ಲೂಟ್, ಎರಡೆರಡು ಓಬೋ, ಕ್ಲಾರಿನೆಟ್, ಹಾರ್ನ್, ಬಸೂನ್. ಒಂದು ಗುಂಪು ಇದನ್ನು ತಿದ್ದುತ್ತಿರುವಾಗ ಇನ್ನೊಂದು ಗುಂಪು ಪಕ್ಕದ ಕೋಣೆಯಲ್ಲಿ ಅದನ್ನು ತಿದ್ದಬಹುದು.

ಹೊತ್ತಿನ ಲೆಕ್ಕ ಸುಲಭ. ಬರೀ ಸಂಗೀತವೇ 60ರಿಂದ 75 ನಿಮಿಷ, ಮಧ್ಯೆ ಒಂದು ವಿರಾಮ. ಅದಕ್ಕಿಂತ ಜಾಸ್ತಿ ಆದರೆ ಕೊನೆಯ ಹೊತ್ತಿಗೆ ಹಾರ್ನ್ ನುಡಿಸುವವರ ತುಟಿ ಸೋಲುತ್ತದೆ.

ಸೋಲೋಗೆ ಹೊರಗಿನವರನ್ನು ಕರೆಯುವ ಮುಂಚೆ ನಿಮ್ಮ ನಡುವೆಯೇ ನೋಡಿ. ಟೆಲೆಮನ್ನನ ಜಿ ಮೇಜರ್ ವಿಯೋಲಾ ಕನ್ಚೆರ್ಟೋಗೆ ಜೊತೆ ನುಡಿಸಲು ತಂತಿವಾದ್ಯ ಮತ್ತು ಒಂದು ಹಾರ್ಪ್ಸಿಕಾರ್ಡ್ (ಪಿಯಾನೋದಂಥ ಹಳೆಯ ವಾದ್ಯ) ಸಾಕು. ಹಿಂದಿನ ಸಾಲಿನ ಒಬ್ಬರು ಮುಂದೆ ಬಂದು ನಿಂತಾಗ ಇಡೀ ತಂಡ ಕಿವಿಗೊಟ್ಟು ನುಡಿಸುವ ರೀತಿಯೇ ಬೇರೆ.

ಕೃತಿಗಳು ಗೊತ್ತಾದ ಮೇಲೆ ಸ್ವರಲಿಪಿ ತರಿಸಬೇಕು. ಮೊಜಾರ್ಟ್, ಬೀಥೋವನ್, ಶೂಬರ್ಟ್ ಬರೆದದ್ದರ ಹಳೆಯ ಮುದ್ರಣಗಳಿಗೆ ಕಾಪಿರೈಟ್ ಇಲ್ಲ, ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಆದರೆ ಎಲ್ಲರ ಹಾಳೆಯೂ ಒಂದೇ ಮುದ್ರಣದ್ದಾಗಿರಲಿ. ಕಂಡಕ್ಟರ್ ಕೈಯಲ್ಲಿ ಹೊಸ ಸ್ಕೋರ್, ನಿಮ್ಮ ಸ್ಟ್ಯಾಂಡಿನ ಮೇಲೆ ಹಳೆಯ ಪ್ರತಿ ಇದ್ದರೆ, ಅವರು ‘ಸಿ ಅಕ್ಷರದಿಂದ’ (ಜಾಗ ಗುರುತಿಸಲು ಹಾಳೆಯಲ್ಲಿ ಹಾಕಿರುವ ಅಕ್ಷರ) ಅಂದಾಗ ಅರ್ಧ ಜನ ಒಂದು ಕಡೆ, ಅರ್ಧ ಜನ ಇನ್ನೊಂದು ಕಡೆ. ಹಳೆಯ ಹಾಳೆಯಲ್ಲಿ ಬಾರ್ (ತಾಳದ ಒಂದು ಸುತ್ತು) ನಂಬರ್ ಇರದಿದ್ದರೆ ಪ್ರತಿ ಸಾಲಿನ ಶುರುವಿಗೆ ನೀವೇ ಬರೆಯಿರಿ. ಬೇಸರದ ಕೆಲಸ, ಆದರೂ ಮಾಡಿ. ಬಿಲ್ಲು ಮೇಲೋ ಕೆಳಗೋ ಅನ್ನುವ ಗುರುತುಗಳನ್ನು ಪಿಟೀಲಿನ ಮುಖ್ಯಸ್ಥರು ಮೊದಲೇ ಹಾಕಿಕೊಡಲಿ. ಆಮೇಲೆ ಜೆರಾಕ್ಸ್ ಮಾಡಿ. ಬಾಡಿಗೆಗೆ ತಂದ ಹಾಳೆಯಾದರೆ ಪೆನ್ಸಿಲ್ ಬಿಟ್ಟು ಇನ್ನೇನೂ ತಾಗಿಸಬೇಡಿ.

ಕಷ್ಟದ ಕೃತಿಯನ್ನು ಜಾಸ್ತಿ ರಿಹರ್ಸಲ್ ಸಿಗುವ ತಿಂಗಳಿಗೆ ಇಡಿ. ದಿನಾಂಕಗಳನ್ನು ಪೋಸ್ಟರ್‌ಗೆ ಕೊಡುವ ಮುಂಚೆ ನುಡಿಸುವವರಿಗೆ ಕಳಿಸಿ, ಅವರ ಒಪ್ಪಿಗೆ ತೆಗೆದುಕೊಳ್ಳಿ.

ಒಬ್ಬರೇ ಇರುವ ವಾದ್ಯಕ್ಕೆ ಮೊದಲೇ ಬದಲಿ ಗೊತ್ತುಮಾಡಿ. ಬಸೂನಿನ ಮುಖ್ಯವಾದ ಸೋಲೋಗಳನ್ನು ಒಬ್ಬ ಚೆಲ್ಲೋದವರ ಹಾಳೆಯಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಬರೆದಿಡಿ. ಆ ಸ್ವರಗಳನ್ನು ಅವರು ಕಾನ್ಸರ್ಟಿನ ಹಿಂದಿನ ವಾರವೇ ಒಂದು ಸಲ ನುಡಿಸಿ ನೋಡಲಿ.