ಒಂದು ಗುಟುಕು ನೀರು ಇಳಿಯದಿದ್ದಾಗ

ಬಚ್ಚಲಲ್ಲಿ ಜಾರಿ ಬಿದ್ದ 78 ವರ್ಷದ ಅಜ್ಜಿ. ಗದ್ದ ಗಟ್ಟಿಯಾಗಿ ಬಡಿದು ತಲೆ ಹಿಂದಕ್ಕೆ ವಾಲಿತ್ತು. ತಲೆಯ ಸ್ಕ್ಯಾನ್, ಸೊಂಟದ ಎಕ್ಸ್‌ರೇ ಎರಡರಲ್ಲೂ ತೊಂದರೆ ಇರಲಿಲ್ಲ. ಇನ್ನೇನು ಮನೆಗೆ ಕಳುಹಿಸಬೇಕು, ಮಗಳು ಲೋಟದಲ್ಲಿ ನೀರು ಕೊಟ್ಟರು. ಅಜ್ಜಿ ಒಂದು ಗುಟುಕು ಕುಡಿದವರೇ ಮುಖ ಕಿವಿಚಿ ಲೋಟ ಸರಿಸಿದರು. “ಇಳಿಯುವಾಗ ಚುಚ್ಚುತ್ತದೆ ಡಾಕ್ಟರೇ.”

ನೀರು ನಿಲ್ಲಿಸಿದೆ. ತಲೆ ಅಲುಗದಂತೆ ನರ್ಸ್ ಹಿಡಿದುಕೊಂಡ ಮೇಲೆ ಕತ್ತಿನ ಬುಡವನ್ನು ಮೆಲ್ಲಗೆ ಒತ್ತಿದೆ. ಚರ್ಮದಡಿ ಒಣಗಿದ ಎಲೆ ಮುರಿದಂತೆ ಚರಚರ ಎಂದಿತು. ಅದು ಗಾಳಿ. ಶ್ವಾಸನಾಳ ಹರಿದರೂ ಹೀಗಾಗಬಹುದು, ಆದರೆ ನುಂಗುವಾಗಿನ ನೋವಿನಿಂದ ನನಗೆ ಅನ್ನನಾಳದ ಮೇಲೆಯೇ ಅನುಮಾನ ಬಂತು.

ವಯಸ್ಸಾದ ಹಲವರ ಕುತ್ತಿಗೆಯ ಕಶೇರುಕಗಳ (ಬೆನ್ನುಮೂಳೆಯ ಮಣಿಗಳ) ಮುಂದೆ ಮೂಳೆಯ ಮುಳ್ಳುಗಳು ಬೆಳೆದಿರುತ್ತವೆ. ಅನ್ನನಾಳ ಅವುಗಳಿಗೆ ಒತ್ತಿಕೊಂಡೇ ಇಳಿಯುತ್ತದೆ. ಕತ್ತು ಹಿಂದಕ್ಕೆ ಬಾಗಿದಾಗ ಅದು ಮುಳ್ಳಿಗೆ ಸಿಕ್ಕಿ ಹರಿಯಬಹುದು. ಸೋಂಕಿನ ಜ್ವರ ಬರಲಿ ಎಂದು ಕಾಯುವಂತಿಲ್ಲ: ಈ ವಯಸ್ಸಿನಲ್ಲಿ ಅದು ಬಾರದೆಯೂ ಇರಬಹುದು, ರಕ್ತದೊತ್ತಡದ ಕೆಲವು ಮಾತ್ರೆಗಳು ನಾಡಿಯ ವೇಗವನ್ನೂ ಮರೆಮಾಚುತ್ತವೆ. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಎಲ್ಲಿದೆ ಎಂದು ನಾನು ತಪ್ಪದೆ ಕೇಳುತ್ತೇನೆ. ಬಿದ್ದಾಗ ನುಂಗಿದ್ದರೆ ಅದರ ಅಕ್ರಿಲಿಕ್ ಪ್ಲಾಸ್ಟಿಕ್ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು.

ಬಾಯಿಯ ರೋಗಾಣುಗಳಿಗೂ ನಾಟುವ ಆ್ಯಂಟಿಬಯಾಟಿಕ್‌ನ ಮೊದಲ ಡೋಸನ್ನು ರಕ್ತನಾಳಕ್ಕೆ ಕೊಟ್ಟೇ ಕತ್ತಿನ ಸಿ.ಟಿ. ಸ್ಕ್ಯಾನ್‌ಗೆ ಕಳುಹಿಸಿದೆ. ಅನ್ನನಾಳದ ಹಿಂದೆ ಗಾಳಿಯ ಗುಳ್ಳೆಗಳಿದ್ದವು. ನೀರಿನಲ್ಲಿ ಕರಗುವ ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದು ಕಾಣುವ ದ್ರವ) ಕುಡಿಸಿದಾಗ ಸಣ್ಣ ಸೋರಿಕೆ ಕಂಡಿತು. ಅದು ಕುತ್ತಿಗೆಯಲ್ಲೇ ನಿಂತಿತ್ತು, ಎದೆಗೆ ಇಳಿದಿರಲಿಲ್ಲ. ಕಾಂಟ್ರಾಸ್ಟ್ ಶ್ವಾಸಕೋಶಕ್ಕೆ ಹೋದರೂ ಅಪಾಯ ಕಡಿಮೆ ಇರುವ ಬಗೆಯನ್ನೇ ಆರಿಸಿಕೊಂಡಿದ್ದೆವು.

ಶಸ್ತ್ರಚಿಕಿತ್ಸಕರೊಂದಿಗೆ ಕೂತು ಚರ್ಚಿಸಿದೆ. ಸೋರಿಕೆ ಒಂದೆಡೆ ನಿಂತಿದೆ, ಕೀವಿಲ್ಲ, ಉಸಿರಾಟ ಮತ್ತು ರಕ್ತದೊತ್ತಡ ಸ್ಥಿರವಾಗಿವೆ. ಆದ್ದರಿಂದ ಕಾದು ನೋಡೋಣ ಎಂದು ನಿರ್ಧರಿಸಿದೆವು. ವಯಸ್ಸಾಗಿದೆ ಎಂಬ ಕಾರಣಕ್ಕಲ್ಲ. ಕೀವು ಕಟ್ಟಿದರೆ ಅಥವಾ ಅಜ್ಜಿಯ ಸ್ಥಿತಿ ಹದಗೆಟ್ಟರೆ ಅದೇ ದಿನ ಆಪರೇಷನ್ ಥಿಯೇಟರಿಗೆ ಒಯ್ಯುವುದೆಂದು ಮನೆಯವರಿಗೂ ಹೇಳಿದೆವು. ಹರಿದ ಜಾಗ ಮಾಯುವವರೆಗೆ ಬಾಯಿಂದ ಏನೂ ಕೊಡುವಂತಿರಲಿಲ್ಲ; ಹೊಟ್ಟೆಗೆ ಆಹಾರ ಕೊಡುವ ಕೊಳವೆಯನ್ನು ಎಂಡೋಸ್ಕೋಪಿಯಲ್ಲಿ ನೋಡುತ್ತಲೇ ಇಳಿಸಿದೆವು. ಕಾಣದೆ ತಳ್ಳಿದರೆ ಹರಿದ ಜಾಗವೇ ದೊಡ್ಡದಾಗಬಹುದು.

ಎಲ್ಲಕ್ಕಿಂತ ಕಷ್ಟವಾಗಿದ್ದು ಬಾಯಾರಿಕೆ. “ಒಂದು ಚಮಚ ನೀರಾದರೂ ಕೊಡಿ” ಎಂದು ಮಗಳು ದಿನವೂ ಕೇಳುತ್ತಿದ್ದರು. ಒದ್ದೆ ಬಟ್ಟೆಯಿಂದ ತುಟಿ, ನಾಲಿಗೆ ಒರೆಸುವುದನ್ನು ಅವರಿಗೇ ಕಲಿಸಿದೆ. ಏಳನೆಯ ದಿನದ ಪರೀಕ್ಷೆಯಲ್ಲಿ ಎಳೆಯಷ್ಟು ಸೋರಿಕೆ ಉಳಿದಿತ್ತು. ಹನ್ನೆರಡನೆಯ ದಿನ ಅದೂ ಇರಲಿಲ್ಲ. ಅಂದು ಮಗಳೇ ಅರ್ಧ ಚಮಚ ನೀರು ಹಾಕಿದರು. ನಾನು ಅಜ್ಜಿಯ ಮುಖವನ್ನೇ ನೋಡುತ್ತಿದ್ದೆ. ಅವರು ನುಂಗಿ, ಇನ್ನೊಂದು ಚಮಚಕ್ಕೆ ಬಾಯಿ ತೆರೆದರು.