ಅಮೂರ್ತ ಚಿತ್ರದ ಗೆರೆಯೊಳಗೆ ಡಾರ್ಟ್ ಅಡಗಿಸುವುದು

ಫ್ರೆಂಚ್ ವಸ್ತ್ರವಿನ್ಯಾಸಕ ಈವ್ ಸಾಂ ಲೋರಾಂ 1965ರಲ್ಲಿ ಪೀಟ್ ಮಾಂಡ್ರಿಯನ್ ಅವರ, ಕಪ್ಪು ಗೆರೆಗಳ ನಡುವೆ ಬಣ್ಣದ ಆಯತಗಳಿರುವ ಅಮೂರ್ತ ಚಿತ್ರಗಳನ್ನು ಉಡುಪಿಗೆ ತಂದಾಗ ಬಣ್ಣಗಳನ್ನು ಮುದ್ರಿಸಲಿಲ್ಲ. ಒಂದೊಂದು ಬಣ್ಣದ ಜರ್ಸಿಯನ್ನೂ (ಹೆಣೆದ, ಹಿಗ್ಗುವ ಬಟ್ಟೆ) ಬೇರೆಯಾಗಿ ಕತ್ತರಿಸಿ ಜೋಡಿಸಿದರು. ಮೈಗೆ ತಕ್ಕ ಆಕಾರ ಆ ಹೊಲಿಗೆಗಳಲ್ಲೇ ಅಡಗಿತು. ನೇರ ಕಟ್ಟಿನ, ತೋಳಿಲ್ಲದ ಉಡುಪಿಗೆ ಈ ದಾರಿಯೇ ಸರಿ. ಮುದ್ರಿಸಿದ ಗೆರೆ ಡಾರ್ಟ್ (ಮೈಯಾಕಾರ ಬರಲು ಬಟ್ಟೆಯನ್ನು ಚೂಪಾಗಿ ಮಡಿಸಿ ಹಾಕುವ ಹೊಲಿಗೆ) ಹಿಡಿದಲ್ಲೆಲ್ಲ ಮುರಿಯುತ್ತದೆ.

ಮೊದಲು ಕೋರಾ ಬಟ್ಟೆಯಲ್ಲಿ, ಬದಿಯಿಂದ ಎದೆಯ ಕಡೆಗೆ ಹೋಗುವ ಡಾರ್ಟ್ ಸಮೇತ ಮಾದರಿ ಹೊಲಿದು ತೊಡಿಸಿ. 2.5 ಸೆಂ.ಮೀ. ಅಗಲದ ಕಪ್ಪು ಟೇಪನ್ನು ಅದರ ಮೇಲೆಯೇ ಅಂಟಿಸುತ್ತ ಚಿತ್ರ ಕಟ್ಟಿ. ಮೇಜಿನ ಮೇಲೆ ನೇರವಾಗಿ ಕಂಡ ಗೆರೆ ತೊಟ್ಟಾಗ ಬಾಗುತ್ತದೆ, ಹಾಗಾಗಿ ಈ ಹಂತ ಬಿಡಬೇಡಿ. ಲಂಬ ಪಟ್ಟಿಯೊಂದರ ಹೊರ ಅಂಚು ಎದೆಯ ತುದಿಯ ಮೇಲೇ ಹಾಯಲಿ; ಡಾರ್ಟನ್ನು ಆ ಅಂಚಿನವರೆಗೆ ಹೊಲಿಯಿರಿ. ಪ್ರತಿ ತುಂಡಿಗೂ ಸಂಖ್ಯೆ, ಎಳೆಯ ದಿಕ್ಕಿನ ಬಾಣ, ಜೋಡಿ ಗುರುತು ಹಾಕಿ ಗೆರೆಗುಂಟ ಕತ್ತರಿಸಿ. ಬದಿಯ ತುಂಡು ಡಾರ್ಟ್ ಮುಚ್ಚಿದ್ದಂತೆಯೇ ಚಪ್ಪಟೆಯಾಗಿ ಕೂತರೆ ಅದೇ ನಿಮ್ಮ ಹೊಸ ಪ್ಯಾಟರ್ನ್; ಅದರ ಅಂಚು ಎದೆಯ ಹತ್ತಿರ ತುಸು ಬಾಗಿರುತ್ತದೆ. ಉಬ್ಬು ಉಳಿದರೆ ಗೆರೆ ಎದೆಯ ತುದಿಯಿಂದ ಸರಿದಿದೆ.

ಮಧ್ಯಮ ದಪ್ಪದ ನೇಯ್ದ ಬಟ್ಟೆ ಆರಿಸಿ. ಜರ್ಸಿಯ ಪಟ್ಟಿ ಹಿಗ್ಗಿ ಅಲೆಯಾಗುತ್ತದೆ. ಕೆಂಪು ಬಟ್ಟೆಯನ್ನು ಒಗೆದು, ಒದ್ದೆಯಿದ್ದಾಗಲೇ ಬಿಳಿ ಚೂರಿನ ಮೇಲಿಟ್ಟು ಇಸ್ತ್ರಿ ಒತ್ತಿ ನೋಡಿ. ಬಣ್ಣ ಹತ್ತಿದರೆ ಆ ಬಟ್ಟೆ ಬೇಡ. ಪ್ರತಿ ತುಂಡಿನ ಸುತ್ತಲೂ ಹೊಲಿಗೆಗೆಂದು 1 ಸೆಂ.ಮೀ. ಹೆಚ್ಚುವರಿ ಬಟ್ಟೆ (ಮಾರ್ಜಿನ್) ಬಿಟ್ಟು, ಕಪ್ಪು ಪಟ್ಟಿಗಳನ್ನು 4.5 ಸೆಂ.ಮೀ. ಅಗಲಕ್ಕೆ ಕತ್ತರಿಸಿ.

ಒಂದೊಂದು ಕಂಬಸಾಲಿನ (ಮೇಲಿನಿಂದ ಕೆಳಗೆ ಒಂದರ ಕೆಳಗೊಂದು ಬರುವ) ತುಂಡುಗಳನ್ನು ಅಡ್ಡಪಟ್ಟಿಗಳಿಂದ ಮೊದಲು ಜೋಡಿಸಿ. ಉದ್ದದ ಲಂಬ ಪಟ್ಟಿಗಳು ಕೊನೆಗೆ. ಗೆರೆಗಳು ಸೇರುವಲ್ಲಿ 2 ಮಿ.ಮೀ. ತಪ್ಪಿದರೂ ದೂರದಿಂದಲೇ ಎದ್ದು ಕಾಣುತ್ತದೆ, ಆದ್ದರಿಂದ ಅಷ್ಟು ಜಾಗಕ್ಕೆ ಮೊದಲು ಕೈಯಿಂದ ಕಚ್ಚಾ ಹೊಲಿಗೆ ಹಾಕಿ. ಎದೆಯ ಬಾಗು ಬರುವೆಡೆ ಪಟ್ಟಿಯ ಮಾರ್ಜಿನ್‌ಗೆ ಸಣ್ಣ ಕತ್ತರಿ ಕೊಡಿ, ಇಲ್ಲದಿದ್ದರೆ ನಿರಿಗೆ ಏಳುತ್ತದೆ.

ಅಳತೆ ಕೈತಪ್ಪುವುದು ಇಲ್ಲೇ. ಮುಂಭಾಗದಲ್ಲಿ ಮೂರು ಲಂಬ ಪಟ್ಟಿಗಳಿದ್ದರೆ ಆರು ಹೊಲಿಗೆ. ಪ್ರತಿಯೊಂದೂ 1 ಮಿ.ಮೀ. ಒಳಕ್ಕೆ ಬಿದ್ದರೆ ಎರಡೂ ಬದಿಯ ಬಟ್ಟೆ ಹೋಗಿ 12 ಮಿ.ಮೀ. ಬಿಗಿ. ಪ್ರತಿ ಕಂಬಸಾಲು ಸೇರಿಸಿದ ಮೇಲೂ ಅಳೆಯಿರಿ.

ಮಾರ್ಜಿನ್‌ಗಳನ್ನೆಲ್ಲ ಕಪ್ಪು ಪಟ್ಟಿಯ ಹಿಂದಕ್ಕೇ ಮಡಿಸಿ ಇಸ್ತ್ರಿ ಮಾಡಿ. ಬಿಳಿಯ ಕಡೆ ಮಡಿಸಿದರೆ ಕಪ್ಪು ನೆರಳು ಹಾಯುತ್ತದೆ. ಎರಡು ಬದಿಯ 1 ಸೆಂ.ಮೀ. ಮಡಿಕೆಗಳೂ 2.5ರ ಅಗಲದೊಳಗೆ ಹಿಡಿಸುತ್ತವೆ. ಲೈನಿಂಗ್ ಕೊಟ್ಟು, ಒಂದು ರಾತ್ರಿ ತೂಗುಹಾಕಿ, ಇಳಿದ ಕಡೆ ಸಮ ಮಾಡಿದ ಮೇಲೆ ಕೆಳ ಅಂಚು ಮಡಿಸಿ.