ಬಿಳಿ ಪಟ್ಟಿ, ಅದರ ಕೆಳಗೆ ಕೆಂಪು ಪಟ್ಟಿ: ಫ್ರಾನ್ಸಿನ ಹೊಲದಾರಿ ಹಿಡಿಯುವ ಮುನ್ನ

ತುಲೂಜ್‌ಗೆ ಕೆಲಸಕ್ಕೆಂದು ಬಂದ ನಮ್ಮವರು ಮೊದಲ ವರ್ಷ ಪ್ಯಾರಿಸ್, ಎರಡನೇ ವರ್ಷ ಸ್ವಿಟ್ಜರ್ಲೆಂಡ್ ಮುಗಿಸಿ, ಮೂರನೇ ವರ್ಷ ‘ಇಲ್ಲೇ ಹತ್ತಿರ ಏನಿದೆ?’ ಅಂತ ಕೇಳುತ್ತಾರೆ. ಫಿಜಾಕ್‌ಗೆ ರೈಲು ಹತ್ತಿ, ಇಳಿದು ನಡೆಯಿರಿ ಅಂತೀನಿ. ತಕ್ಷಣ ಮುಂದಿನ ಪ್ರಶ್ನೆ: ‘ಯಾರದೋ ಹೊಲದೊಳಗೆ ನುಗ್ಗೋದಾ? ಬೈಯಲ್ವಾ?’

ಊರಲ್ಲಿ ಒಂದೆಕರೆ ಜಮೀನಾದರೂ ಇರುವವರಿಗೆ ಇದರ ಉತ್ತರ ಬೇಗ ಅರ್ಥವಾಗುತ್ತದೆ. ನಮ್ಮ ಗ್ರಾಮನಕಾಶೆಯಲ್ಲಿ ಬಂಡಿದಾರಿ ಇರುತ್ತದಲ್ಲ, ಪಹಣಿಯಲ್ಲಿ ‘ಬಿ ಖರಾಬು’ ಅಂತ ಬಿಟ್ಟಿರುತ್ತಾರಲ್ಲ, ಅದರ ಫ್ರೆಂಚ್ ದಾಯಾದಿಗೆ ‘ಶಮ್ಯಾಂ ರುರಾಲ್’ ಅಂತ ಹೆಸರು. ಇದು ಕಮ್ಯೂನಿನ ಸ್ವತ್ತು, ಅಂದರೆ ಇಲ್ಲಿನ ಪಂಚಾಯ್ತಿಯದು. ಯಾರು ಬೇಕಾದರೂ ನಡೆಯಬಹುದು. ಆದರೆ ಪಕ್ಕದಲ್ಲೇ, ನೋಡಲು ಥೇಟ್ ಹಾಗೇ ಇರುವ ಇನ್ನೊಂದು ದಾರಿ ‘ಶಮ್ಯಾಂ ದೆಕ್ಸ್‌ಪ್ಲ್ವತಾಸಿಯೊಂ’. ಅದು ಅಕ್ಕಪಕ್ಕದ ಹೊಲದವರು ತಮ್ಮ ಟ್ರ್ಯಾಕ್ಟರಿಗೆಂದು ಮಾಡಿಕೊಂಡದ್ದು, ಅವರು ಬೇಡವೆಂದರೆ ಮುಚ್ಚಬಹುದು. ಎರಡರಲ್ಲೂ ಅದೇ ಮಣ್ಣು, ಅದೇ ಚಕ್ರದ ಗುರುತು. ನೋಡಿ ಹೇಳಲು ಬರುವುದಿಲ್ಲ.

ಈ ದಾರಿಗಳು ಉಳಿದದ್ದೇ ದೊಡ್ಡದು. ಎರಡನೇ ಮಹಾಯುದ್ಧದ ನಂತರ ‘ರಮಾಂಬ್ರಮಾಂ’ ಎಂಬ ಜಮೀನು ಒಗ್ಗೂಡಿಸುವ ಕಾರ್ಯಕ್ರಮ ದೇಶದ ತುಂಬ ಜೋರಾಗಿ ನಡೆಯಿತು. ಚೂರು ಚೂರು ಹೊಲಗಳನ್ನು ಸೇರಿಸಿ ದೊಡ್ಡದು ಮಾಡುವಾಗ ಬೇಲಿ, ಬದು, ಕಾಲುದಾರಿ ಎಲ್ಲವೂ ನೇಗಿಲ ಪಾಲಾದವು. ಆಮೇಲೆ 1983ರಲ್ಲಿ ಬಂದ ಕಾನೂನು ಪ್ರತಿ ಜಿಲ್ಲೆಯೂ ತನ್ನ ನಡಿಗೆದಾರಿಗಳ ಪಟ್ಟಿ ಮಾಡುವ ವ್ಯವಸ್ಥೆ ತಂದಿತು. ಆ ಪಟ್ಟಿಗೆ ಸೇರಿದ ಶಮ್ಯಾಂ ರುರಾಲನ್ನು ಮಾರಬೇಕಾದರೆ ಬದಲಿ ದಾರಿ ಕೊಟ್ಟು ನಡಿಗೆ ತುಂಡಾಗದಂತೆ ನೋಡಿಕೊಳ್ಳಬೇಕು. ಪಟ್ಟಿಯ ದಾರಿ ಖಾಸಗಿ ಜಮೀನಿನ ಮೇಲೆ ಹಾಯ್ದರೆ ಮಾಲೀಕನ ಜೊತೆ ಒಪ್ಪಂದ ಮಾಡಿಕೊಂಡಿರುತ್ತಾರೆ.

ಹಾಗಾಗಿ ಮರದ ಮೇಲೋ ಬಂಡೆಯ ಮೇಲೋ ಬಣ್ಣದ ಪಟ್ಟಿ ಕಂಡರೆ ಅದನ್ನು ದಿಕ್ಕು ತೋರುವ ಗುರುತು ಅಂತಷ್ಟೇ ಓದಬೇಡಿ. ಈ ಹೊಲದವನನ್ನು ಯಾರೋ ಮೊದಲೇ ಕೇಳಿ ಒಪ್ಪಿಸಿದ್ದಾರೆ ಅಂತ ಓದಿ. ಪಟ್ಟಿ ಇಲ್ಲದ ಕಡೆ ಆ ಭರವಸೆ ಇಲ್ಲ. 2023ರ ಫೆಬ್ರವರಿಯ ಕಾನೂನಿನ ಪ್ರಕಾರ, ‘ಪ್ರೊಪ್ರಿಯೆತೆ ಪ್ರಿವೆ’, ಅಂದರೆ ಖಾಸಗಿ ಸ್ವತ್ತು ಅಂತ ಬೋರ್ಡು ಹಾಕಿದ ಹೊಲ ಅಥವಾ ಕಾಡಿಗೆ ಅನುಮತಿಯಿಲ್ಲದೆ ಹೊಕ್ಕರೆ 135 ಯೂರೋ ದಂಡ ಬೀಳಬಹುದು. ಹಾಗಂತ ಬೋರ್ಡಿಲ್ಲದ ಕಡೆ ಹೆದರಿ ನಿಲ್ಲಬೇಕಾಗಿಯೂ ಇಲ್ಲ.

ಬಣ್ಣದ ಭಾಷೆ ಕಲಿಯಲು ಐದು ನಿಮಿಷ ಸಾಕು. ಮೇಲೆ ಬಿಳಿ, ಕೆಳಗೆ ಕೆಂಪು ಇದ್ದರೆ ಅದು ಜಿಆರ್, ದಿನಗಟ್ಟಲೆ ಸಾಗುವ ದೂರದಾರಿ. ಹಳದಿ ಕೆಂಪು ಇದ್ದರೆ ಒಂದು ಸೀಮೆಯನ್ನು ಸುತ್ತಿಸುವ ದಾರಿ. ಬರೀ ಹಳದಿ ಇದ್ದರೆ ಪಿಆರ್, ಊರಿಂದ ಹೊರಟು ಊರಿಗೇ ಮರಳುವ ಅರ್ಧ ದಿನದ ಸುತ್ತು. ಮಕ್ಕಳು, ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಹಳದಿಯೇ ಸರಿ. ಪಟ್ಟಿಯ ಕೆಳಗೆ ಬಾಗಿದ ಬಾಣ ಇದ್ದರೆ ತಿರುವು. ಎರಡು ಬಣ್ಣ ಒಂದರ ಮೇಲೊಂದು ಕತ್ತರಿಯಂತೆ ಹಾಯ್ದಿದ್ದರೆ ಈ ಕಡೆ ಅಲ್ಲ ಎಂದರ್ಥ. ಮಾತಿನ ಗುಂಗಿನಲ್ಲಿ ನಾನು ಈ ಕತ್ತರಿಯನ್ನು ನೋಡದೆ ಒಂದೂವರೆ ಕಿಲೋಮೀಟರ್ ಹೋಗಿ, ಕೊನೆಗೆ ಒಂದು ಕುರಿದೊಡ್ಡಿಯ ಗೋಡೆಗೆ ಮುಖ ಕೊಟ್ಟು ನಿಂತಿದ್ದೆ. ಹತ್ತು ನಿಮಿಷ ಗುರುತೇ ಸಿಗಲಿಲ್ಲವೆಂದರೆ ಹಿಂದಿರುಗಿ, ಮುಂದೆ ಸಿಗಬಹುದು ಅಂತ ಕಾಯಬೇಡಿ.

ಈ ಪಟ್ಟಿಗಳನ್ನು ಬಳಿಯುವವರು ಬಹುಮಟ್ಟಿಗೆ ಸ್ವಯಂಸೇವಕರು. ದೇಶದ ನಡಿಗೆ ಒಕ್ಕೂಟಕ್ಕೆ ಸೇರಿದ ಇವರಲ್ಲಿ ನಿವೃತ್ತರು ಬಹಳ. ಬ್ರಷ್ಷು, ಡಬ್ಬ, ಕತ್ತರಿ ಹಿಡಿದು ಮುಳ್ಳು ಸವರುತ್ತಾ ಬರುತ್ತಾರೆ. ಒಕ್ಕೂಟದ ಮೂಲರೂಪ ಶುರುವಾದದ್ದು 1947ರಲ್ಲಿ. ಅದೇ ವರ್ಷ ಲ್ವಾರ್ ನದಿಯ ದಂಡೆಯಲ್ಲಿ, ಓರ್ಲೆಯಾಂ ಹತ್ತಿರ, ಮೊದಲ ಜಿಆರ್ ತುಣುಕಿಗೆ ಬಣ್ಣ ಬಿತ್ತು. ದಾರಿಯಲ್ಲಿ ಯಾರಾದರೂ ಬಣ್ಣ ಬಳಿಯುತ್ತಿದ್ದರೆ ನಿಂತು ಒಂದು ಮೆರ್ಸಿ ಹೇಳಿ. ನಕಾಶೆಗೆ ಐಜಿಎನ್ ಎಂಬ ಸರ್ಕಾರಿ ನಕಾಶೆ ಸಂಸ್ಥೆಯ 1:25,000 ಅಳತೆಯ ನೀಲಿ ರಟ್ಟಿನ ಹಾಳೆ ಕೊಳ್ಳಿ. ಫೋನಿನಲ್ಲೂ ಸಿಗುತ್ತದೆ, ಆದರೆ ಕಣಿವೆಯೊಳಗೆ ಸಿಗ್ನಲ್ಲಿನ ಮೇಲೆ ಭರವಸೆ ಬೇಡ.

ಫಿಜಾಕ್ ಯಾಕೆ? ತುಲೂಜಿನಿಂದ ನೇರ ರೈಲು, ಸುಮಾರು ಎರಡೂವರೆ ಗಂಟೆ. ಹಳಿ ಕೆಲಸವಿದ್ದರೆ ಬಸ್ ಬಿಡುತ್ತಾರೆ, ಮೊದಲೇ ನೋಡಿಕೊಳ್ಳಿ. ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸಿದ ಶಾಂಪೊಲ್ಯೋಂ 1790ರಲ್ಲಿ ಹುಟ್ಟಿದ್ದು ಇಲ್ಲೇ. ಅವನ ಮನೆಯ ಹಿಂದಿನ ಅಂಗಳದ ನೆಲಕ್ಕೆ, ಆ ಲಿಪಿ ಬಿಡಿಸಲು ನೆರವಾದ ರೊಸೆಟ್ಟಾ ಕಲ್ಲಿನ ದೈತ್ಯ ಪ್ರತಿಯನ್ನೇ ಹಾಸಿದ್ದಾರೆ, ಅದರ ಮೇಲೆ ನಡೆದೇ ಹೊರಡಬಹುದು. ಲ ಪ್ವಿಯಿಂದ ಸ್ಪೇನಿನ ಸ್ಯಾಂತಿಯಾಗೋ ಕಡೆಗೆ ಹೋಗುವ ಯಾತ್ರಿಕರ ಜಿಆರ್ 65 ಈ ಊರನ್ನು ಹಾದು ಹೋಗುತ್ತದೆ. ಭಕ್ತಿ ಇರಲೇಬೇಕೆಂದಿಲ್ಲ. ಪಂಢರಪುರದ ವಾರಿಯಲ್ಲಿ ಬರೀ ನಡೆಯಲು ಬರುವವರು ಇರುವಂತೆ ಇಲ್ಲೂ ಇದ್ದಾರೆ.

ಮುಂದೆ ಕೋಸ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿ. ಮಳೆನೀರು ಮೇಲೆ ನಿಲ್ಲುವುದಿಲ್ಲ, ಸೀದಾ ಕೆಳಗಿಳಿಯುತ್ತದೆ. ಹಾಗಾಗಿ ಮೇಲೆಲ್ಲ ಕುರುಚಲು ಓಕ್, ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ, ಕುರುಬರು ಮಳೆಗೆ ಹೊಗುತ್ತಿದ್ದ ದುಂಡನೆಯ ಕಲ್ಲುಗೂಡು, ಕಣ್ಣಿನ ಸುತ್ತ ಕಾಡಿಗೆ ಬಳಿದುಕೊಂಡಂಥ ಕುರಿಗಳು. ಗ್ರೆಯಾಲು ಹತ್ತಿರ ದಾರಿಯ ಪಕ್ಕದಲ್ಲೇ ಒಂದು ಡಾಲ್ಮೆನ್, ಅಂದರೆ ಆದಿಕಾಲದ ಕಲ್ಲುಗೋರಿ ಇದೆ. ಹಿರೇಬೆಣಕಲ್ಲಿನ ಕಲ್ಲುಮನೆಗಳನ್ನು ನೋಡಿದವರು ಅದನ್ನು ಗುರುತು ಹಿಡಿಯುತ್ತಾರೆ. ಫಿಜಾಕ್‌ನಿಂದ ಕಜಾರ್ಕ್ ಊರು ತಲುಪಲು ಮೂವತ್ತು ಕಿಲೋಮೀಟರಿಗೂ ಹೆಚ್ಚಿದೆ, ಎರಡು ದಿನ ಮಾಡಿ. ಬೇಸಿಗೆಯಲ್ಲಿ ಎರಡು ಲೀಟರಿಗೆ ಕಡಿಮೆ ನೀರು ಒಯ್ಯಬೇಡಿ. ಬಾಟಲಿ ಖಾಲಿಯಾದರೆ ಇಲ್ಲಿನವರು ಮಾಡುವ ಉಪಾಯ: ಊರಿನ ಸ್ಮಶಾನಕ್ಕೆ ಹೋಗುವುದು. ಹೂಗಿಡಕ್ಕೆಂದು ಅಲ್ಲಿ ನಲ್ಲಿ ಇರುತ್ತದೆ. ‘ನೋಂ ಪೊತಾಬ್ಲ್’ ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ. ನಮ್ಮಮ್ಮನಿಗೆ ಈ ಸಂಗತಿಯನ್ನು ಇನ್ನೂ ಹೇಳಿಲ್ಲ.

ಇಷ್ಟು ನಿರ್ಜನ ದಾರಿ ಬೇಡವೆಂದರೆ ಬೆದುಯೇರ್ ದಾಟಿದ ಮೇಲೆ ಜಿಆರ್ 651 ಹಿಡಿದು ಸೆಲೇ ಕಣಿವೆಗಿಳಿಯಿರಿ. ನನಗೆ ಅದೇ ಹೆಚ್ಚು ಇಷ್ಟ. ನದಿ, ಹುಲ್ಲುಗಾವಲು, ಬಂಡೆಗೆ ಅಂಟಿಕೊಂಡ ಮನೆಗಳು. ಎಸ್ಪಾನ್ಯಾಕ್‌ನಲ್ಲಿ ಹಳೆಯ ಸನ್ಯಾಸಿನಿಯರ ಮಠ, ಮಾರ್ಸಿಯಾಕ್‌ನಲ್ಲಿ ಅರ್ಧ ಕುಸಿದ ಸನ್ಯಾಸಿಗಳ ಮಠ. ಕಬ್ರರೆ ಊರಿನ ಮೇಲಿರುವ ಪೆಶ್ ಮೆರ್ಲ್ ಗುಹೆಯ ಗೋಡೆಯಲ್ಲಿ ಆದಿಮಾನವರು ಬಿಡಿಸಿದ ಚುಕ್ಕೆ ಕುದುರೆಗಳನ್ನು ನೋಡಲು ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಟಿಕೆಟ್ ಮೊದಲೇ ಮಾಡಿಸಿ.

ಊಟದ ವಿಷಯಕ್ಕೆ ಬಂದರೆ ನಮ್ಮವರು ಸೋಲುವುದೇ ಇಲ್ಲಿ. ಹಳ್ಳಿಯಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ. ಎರಡೂ ಕಾಲಿಗೆ ಹೋದರೆ ಅಡುಗೆಮನೆ ತೊಳೆಯುತ್ತಿರುತ್ತಾರೆ. ಭಾನುವಾರ ಮಧ್ಯಾಹ್ನದಿಂದ ಸೋಮವಾರದವರೆಗೆ ಎಷ್ಟೋ ಅಂಗಡಿ, ಬೇಕರಿಗಳು ಮುಚ್ಚಿರುತ್ತವೆ. ಶನಿವಾರವೇ ಬ್ರೆಡ್ಡು, ಹಣ್ಣು ಕಟ್ಟಿಕೊಳ್ಳಿ, ಇಲ್ಲವೇ ಮನೆಯಿಂದಲೇ ಚಪಾತಿ, ಚಟ್ನಿಪುಡಿ. ರಾತ್ರಿ ತಂಗಲು ‘ಜೀತ್ ದೆತಾಪ್’ ಹುಡುಕಿ. ಸಾಲು ಮಂಚದ ಛತ್ರ ಅಂದುಕೊಳ್ಳಿ. ‘ದಮಿ ಪಾನ್ಸ್ಯೋಂ’ ಅಂದರೆ ಹಾಸಿಗೆ, ರಾತ್ರಿಯೂಟ, ಬೆಳಗಿನ ತಿಂಡಿ ಸೇರಿ ಒಂದೇ ದರ. ಶೂ, ಬ್ಯಾಗು ಬಾಗಿಲಲ್ಲೇ ಬಿಡಿಸುತ್ತಾರೆ, ತಿಗಣೆ ಭಯ.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿ, ಬಾಗಿಲಲ್ಲಿ ನಿಂತು ಹೇಳಿದರೆ ಆಮ್ಲೆಟ್ ಬಂದರೆ ನಿಮ್ಮ ಪುಣ್ಯ. ಬರೀ ‘ವೆಜಿತಾರ್ಯಾಂ’ ಅಂದರೆ ಮೀನು ಬರಬಹುದು. ‘ಸಾಂ ವಿಯಾಂದ್, ಸಾಂ ಪ್ವಾಸೋಂ, ಸಾಂ ಲಾರ್ದೋಂ’ ಅಂತ ಬಿಡಿಸಿ ಹೇಳಬೇಕು. ಮೊದಲೆರಡು ಮಾಂಸ ಬೇಡ, ಮೀನು ಬೇಡ ಅಂತ; ಕೊನೆಯ ಲಾರ್ದೋಂ ಅಂದರೆ ಹಂದಿಯ ಸಣ್ಣ ತುಂಡು, ಅದನ್ನು ಒಗ್ಗರಣೆಯಂತೆ ಎಲ್ಲದಕ್ಕೂ ಹಾಕುತ್ತಾರೆ. ಸೂಪಿನ ನೀರು ಯಾವುದರದು ಅಂತಲೂ ಕೇಳಿ. ಇಲ್ಲಿನ ದುಂಡನೆಯ ಮೇಕೆಹಾಲಿನ ರೊಕಮದೂರ್ ಚೀಸ್ ಸೊಗಸು, ಆದರೆ ಸಾಂಪ್ರದಾಯಿಕ ಚೀಸ್‌ಗಳಿಗೆ ಸಾಮಾನ್ಯವಾಗಿ ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನ್ನೆಟ್ ಹಾಕುತ್ತಾರೆ. ಕಟ್ಟುನಿಟ್ಟಿನವರು ಯೋಚಿಸಿ.

ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಬೇಟೆಯ ಕಾಲ. ವಾರದಲ್ಲಿ ಯಾವ ದಿನ ಅಂತ ಊರಿಂದ ಊರಿಗೆ ಬೇರೆ, ಮೆರಿಯಲ್ಲಿ, ಅಂದರೆ ಪಂಚಾಯ್ತಿ ಕಚೇರಿಯಲ್ಲಿ, ಅಥವಾ ಛತ್ರದವರನ್ನು ಕೇಳಿ. ‘ಶಾಸ್ ಆಂ ಕೂರ್’, ಅಂದರೆ ಬೇಟೆ ನಡೆಯುತ್ತಿದೆ ಎಂಬ ಬೋರ್ಡು ಕಂಡರೆ ಧೈರ್ಯ ತೋರಿಸದೆ ಬೇರೆ ದಾರಿ ನೋಡಿ. ಹಳದಿ ಅಥವಾ ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿ. 2020ರ ಡಿಸೆಂಬರಿನಲ್ಲಿ ಇದೇ ಲೋತ್ ಜಿಲ್ಲೆಯಲ್ಲಿ ಮನೆಯ ಹತ್ತಿರ ಸೌದೆ ಕಡಿಯುತ್ತಿದ್ದ ಯುವಕನೊಬ್ಬ ಬೇಟೆಗಾರನ ಗುಂಡಿಗೆ ಬಲಿಯಾದ. ಬೇಸಿಗೆಯಲ್ಲಿ ರಕ್ತ ಹೀರುವ ಉಣ್ಣೆಹುಳದ ಕಾಟ, ಸಂಜೆ ಮೈಯೆಲ್ಲ ನೋಡಿಕೊಳ್ಳಿ. ಅಪಾಯಕ್ಕೆ 112.

ಉಳಿದದ್ದು ನಡವಳಿಕೆ. ತಂತಿಬೇಲಿಯ ಗೇಟು ಹೇಗಿತ್ತೋ ಹಾಗೇ ಮುಚ್ಚಿ. ಹಸು ಮತ್ತು ಅದರ ಕರುವಿನ ನಡುವೆ ಹೋಗಬೇಡಿ, ಗೋಮಾತೆ ಅಂತ ಮುಟ್ಟಲು ಹೋದರೆ ಅವಕ್ಕೆ ಗೊತ್ತಾಗುವುದಿಲ್ಲ. ದಾರಿ ಮೇಲೆ ಉದುರಿದ ವಾಲ್‌ನಟ್ ಕೂಡ ಯಾರದೋ ಫಸಲು. ಎದುರು ಬಂದ ಪ್ರತಿಯೊಬ್ಬರಿಗೂ ಮೊದಲು ‘ಬೋಂಜೂರ್’, ಆಮೇಲೆ ಮಾತು. ದಾರಿ ಕೇಳುವಾಗ ಬೋಂಜೂರ್ ನುಂಗಿ ನೇರ ಪ್ರಶ್ನೆಗೆ ಹೋದರೆ ಇಲ್ಲಿನ ಅಜ್ಜಂದಿರ ಮುಖ ಬಿಗಿಯುತ್ತದೆ.

ಸೆಲೇ ಕಣಿವೆ ಲೋತ್ ನದಿಗೆ ಸೇರುವ ಕಡೆ ಬುಜಿಯೆಸ್ ಇದೆ. ಅಲ್ಲಿಂದ ಸ್ಯಾಂ-ಸೀರ್-ಲಪೊಪಿಗೆ ನಾಲ್ಕೈದು ಕಿಲೋಮೀಟರ್. ನಡುವೆ ಒಂದು ಕಡೆ ಬಂಡೆಯನ್ನೇ ಕೊರೆದು ದಾರಿ ಮಾಡಿದ್ದಾರೆ, ದೋಣಿಗಳನ್ನು ದಡದಿಂದ ಹಗ್ಗ ಕಟ್ಟಿ ಎಳೆಯುತ್ತಿದ್ದ ಕಾಲದ್ದು. ತಲೆಯ ಮೇಲೆ ಕಲ್ಲು, ಪಕ್ಕದಲ್ಲೇ ನದಿ. ಕಲ್ಲುದುರುವ ಭಯದಿಂದ ಮುಚ್ಚಿದ್ದರೆ ಬೇರೆ ದಾರಿಯ ಮಾಹಿತಿ ಪ್ರವಾಸಿ ಕಚೇರಿಯಲ್ಲಿ ಸಿಗುತ್ತದೆ. ಲಪೊಪಿ ‘ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು’ ಪಟ್ಟಿಯಲ್ಲಿದೆ. 1982ರಲ್ಲಿ ಶುರುವಾದ ಆ ಸಂಘಕ್ಕೆ ಸೇರಲು ಜನಸಂಖ್ಯೆ 2,000 ಮೀರಬಾರದು, ಸಂರಕ್ಷಿತ ತಾಣಗಳು ಎರಡಾದರೂ ಇರಬೇಕು. ಇಲ್ಲಿರುವವರು ಸುಮಾರು 200 ಜನ. ಜುಲೈ, ಆಗಸ್ಟಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ, ಮೇ ಅಥವಾ ಸೆಪ್ಟೆಂಬರಿನಲ್ಲಿ ಹೋಗಿ. ವಾಪಸ್ ಬರಲು ಕಾವೋರ್ ರೈಲುನಿಲ್ದಾಣಕ್ಕೆ ಹೋಗುವ ಬಸ್ ಊರೊಳಗೆ ಬರುವುದಿಲ್ಲ, ಕೆಳಗಿಳಿದು ಸೇತುವೆ ದಾಟಿ ಮುಖ್ಯರಸ್ತೆಗೆ ಹೋಗಬೇಕು. ಭಾನುವಾರದ ವೇಳಾಪಟ್ಟಿ ಬೇರೆ.